ಕರ್ಮಣಿ ಪ್ರಯೋಗ

ನೋಟೀಸು ಇಂಗ್ಲಿಷಿನಲ್ಲಿತ್ತು, ಮಲಯಾಳದಲ್ಲೂ ಆಗಿತ್ತು.
"ಕನ್ನಡದ್ದೊಂದು ಬೇಕು ಟೀಚರೇ, ಇಲ್ಲದಿದ್ದರೆ
ನಿಮ್ಮವರು ಅರ್ಜಿ ಹಿಡಿದು ಬರುತ್ತಾರೆ" ಎಂದರು
ಆಫೀಸಿನ ದಿವಾಕರನ್, ನಗುತ್ತಲೇ.
ಬರೆಯಲು ಕೂತೆ. ಮೊದಲ ಪದಕ್ಕೇ ಪೆನ್ನು ನಿಂತಿತು.

ಆನರ್ಸ್.

ಗೌರವ ಪದವಿ ಅಂದರೆ ಓದದವರಿಗೆ ಕೊಡುವುದು:
ಶಾಲು, ಹಣ್ಣಿನ ಬುಟ್ಟಿ, ಮೈಕು ಬಿಡದ ಭಾಷಣ.
ಗೌರವಧನ ಅಂದರೆ ನನಗೆ ಸಿಗುವುದು,
ಅತಿಥಿ ಉಪನ್ಯಾಸಕಿ, ಗಂಟೆ ಲೆಕ್ಕ,
ಓಣಂ ಹೊತ್ತಿಗೆ ಬಂದರೆ ಬಂತು.
ಮಾನ ಎಂದು ಬರೆದರೆ ಹಿಂದೆಯೇ ನಷ್ಟ ಬಂದು ನಿಲ್ಲುತ್ತದೆ.
ಮರ್ಯಾದೆಯೋ, ಅದು ಬಸ್ಸಿನಲ್ಲಿ ಎದ್ದು ಕೊಡುವ ಸೀಟು;
ಆರು ಸೆಮಿಸ್ಟರಿನ ಸರಾಸರಿ ತೆಗೆದು ಕೊಡುವುದಲ್ಲ.

ಆನರ್ಸ್ ಎಂದೇ ಬರೆದೆ. ಕೆಳಗೆ,
ನಾಲ್ಕನೇ ವರ್ಷಕ್ಕೆ, ಸಂಶೋಧನೆಗೆ, ಆಯ್ಕೆಯಾದವರು.
ಭೂವಿಜ್ಞಾನ: ಪ್ರಮಿತಾ ಕೆ., ಬಾಯಾರು.
ಅಷ್ಟೇ.
ಎಪ್ಪತ್ತೈದರ ಗೆರೆಯ ಕೆಳಗೆ
ಪಾಯಿಂಟ್ ಏಳು ಅಂತರದಲ್ಲಿ ನಿಂತವಳ ಹೆಸರನ್ನು
ನೋಟೀಸಿನಲ್ಲಿ ಬರೆಯುವ ಕ್ರಮವಿಲ್ಲ.
ಮಿಸ್ರಿಯಾ, ಉಪ್ಪಳದವಳು. ಇಬ್ಬರಿಗೂ ನನ್ನ ಕ್ಲಾಸಿನಲ್ಲಿ
ಕಿಟಕಿ ಬದಿಯ ಒಂದೇ ಬೆಂಚು,
ಒಂದೇ ಟಿಫಿನ್ನಿಗೆ ಎರಡು ಚಮಚ.

ಮಿಸ್ರಿಯಾ ಮೂರು ವರ್ಷದ ಸರ್ಟಿಫಿಕೇಟು ಹಿಡಿದು ಹೋದಳು
ಹೊಸಂಗಡಿಗೆ, ಅಕ್ಷಯ ಕೇಂದ್ರದ ಕಂಪ್ಯೂಟರಿಗೆ;
ಬೇರೆಯವರ ಆಧಾರಿನ ತಪ್ಪು ತಿದ್ದುವ ಕೆಲಸ.
ಭಾನುವಾರ ಮಾತ್ರ ಬಾಯಾರಿನ ಬಸ್ಸು ಹತ್ತುತ್ತಾಳೆ.
ಯಾಕೆಂದರೆ ಸುರಂಗ ಅಳೆಯಲು ಇಬ್ಬರು ಬೇಕು.

ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದ ಬಾವಿ ಅದು.
ಮುರಕಲ್ಲು ಮುಗಿದು ಒರತೆ ಸಿಗುವವರೆಗೆ
ಐತಪ್ಪಣ್ಣ ಕೂತು ಕಡಿದದ್ದು,
ಪಿಕ್ಕಾಸಿನ ಹಿಡಿಯನ್ನು ಗಿಡ್ಡ ಮಾಡಿ.
ಅವರ ಲೆಕ್ಕ ಕೋಲಿನಲ್ಲಿ, ಪ್ರಮಿತಾಳದ್ದು ಮೀಟರಿನಲ್ಲಿ.
"ಬತ್ತಿ ಸಣ್ಣಗಾದರೆ ಹಿಂದೆ ಬಾ ಮಗಾ,
ನಿನ್ನ ಕಾಲೇಜು ಒಳಗೆ ಗಾಳಿ ಕಳಿಸುವುದಿಲ್ಲ" ಎನ್ನುತ್ತಾರೆ.
ಕೋಟಯಂ ಕಡೆಯ ಗೈಡ್ ಸಾರ್ ಒಳ್ಳೆಯವರೇ;
ಬಾವಲಿ ಎಂದರೆ ಆಗುವುದಿಲ್ಲ, ಕಾರಿನಲ್ಲೇ ಕೂರುತ್ತಾರೆ.

ಮಾರ್ಚಿನಲ್ಲಿ ಪ್ರಮಿತಾ ಪ್ರಬಂಧದ ಕರಡು ತಂದಳು,
ಕನ್ನಡದ ಸಾರಾಂಶ ನೋಡಿಕೊಡಿ ಎಂದು.
'ಇಪ್ಪತ್ತೆರಡು ಸುರಂಗಗಳು ಅಳೆಯಲ್ಪಟ್ಟವು.'
"ನಾವು ಎಂದು ಬರೆದಿದ್ದೆ ಟೀಚರೇ.
ಸಾರ್ ಹೊಡೆದು ಹಾಕಿದರು, ಡಿಗ್ರಿ ಒಬ್ಬಳಿಗೆ ತಾನೇ ಎಂದು.
ನಾನು ಎಂದು ಬರೆಯಲು ಕೈ ಬರಲಿಲ್ಲ."

ಈ ವಾಕ್ಯ ಕಲಿಸಿದವಳು ನಾನೇ.
ಎರಡನೇ ಸೆಮಿಸ್ಟರು, ಬೋರ್ಡಿನ ಮೇಲೆ:
ರಾಮನಿಂದ ರಾವಣನು ಕೊಲ್ಲಲ್ಪಟ್ಟನು.
ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ ನೋಡಿ,
ಎಂದು ಹೇಳಿ ಡಸ್ಟರಿನಲ್ಲಿ ಒರೆಸಿದ್ದೆ ರಾಮನನ್ನು.
ಕಿಟಕಿ ಬದಿಯಿಂದ ಮಿಸ್ರಿಯಾ ಕೇಳಿದ್ದಳು:
"ಅಪ್ಪೊ, ಕೊಂದದ್ದು ಯಾರು ಟೀಚರೇ?"
ಇಡೀ ಕ್ಲಾಸು ನಕ್ಕಿತ್ತು. ನಾನೂ.

ಮುಂದಿನ ಭಾನುವಾರ ನಾನೂ ಹೋದೆ, ಕೊಡೆ ಹಿಡಿದು.
ಚೀಲದಲ್ಲಿ ಕರಡು; ಆ ವಾಕ್ಯದ ತಲೆಗೆ
ಪೆನ್ಸಿಲಿನಲ್ಲಿ ಹಂಸಪಾದ ಹಾಕಿಟ್ಟಿದ್ದೇನೆ,
ಮೇಲೆ ಏನನ್ನೂ ಬರೆದಿಲ್ಲ ಇನ್ನೂ.
ಸುರಂಗದ ಬಾಯಲ್ಲಿ, ಮೊಣಕಾಲು ಕೆಸರಿಗೆ ಊರಿ,
ಟೇಪಿನ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದಿದ್ದಳು ಮಿಸ್ರಿಯಾ.
ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ.
ಹಳದಿ ಪಟ್ಟಿ ಕತ್ತಲೆಗೆ ಸರಿಯುತ್ತ ಸರಿಯುತ್ತ
ಒಮ್ಮೆ ಬಿಗಿಯಾಯಿತು.
ನೀರಿನ ಮೇಲೆ ಹಾಯ್ದು ಬಂತು ಪ್ರಮಿತಾಳ ದನಿ:

"ಸೊನ್ನೆಯಲ್ಲೇ ಇದ್ದೀಯಾ?"

"ಸೊನ್ನೆಯಲ್ಲೇ ಇದ್ದೇನೆ. ನೀನು ಎಳೆ."

ಗೇರುಮರದ ಬುಡದಲ್ಲಿ ಕೂತ ಐತಪ್ಪಣ್ಣ,
ಯಾರೂ ಕೇಳದಿದ್ದರೂ, ಎಲೆಗೆ ಸುಣ್ಣ ಸವರುತ್ತ ಹೇಳಿದರು,
ಮೂವತ್ತಾರೂವರೆ ಕೋಲು.