ಮರ ಮಾತ್ರ

ನಳಿಗೆ ಹಂಪನಕಟ್ಟೆಯ ಕೋವಿ ಅಂಗಡಿಯಲ್ಲಿದೆಯಂತೆ,
ಕಾಗದಪತ್ರ ಆಗುವವರೆಗೆ.
ಸೆವ್ರಿನ್ ತಂದದ್ದು ಮರ ಮಾತ್ರ,
ಹಳೆ ಬೈರಾಸಿನಲ್ಲಿ ಸುತ್ತಿ,
ಮುರಿದ ಕೊಡೆಯ ಹಾಗೆ ಕಂಕುಳಲ್ಲಿಟ್ಟು.
"ಹೊಸತರ ಹಾಗೆ ಮಾಡಿಕೊಡಿ ಆಚಾರ್ರೆ,
ಚಾವಡಿಯ ಗೋಡೆಗೆ ತೂಗಿಸುವುದು."

ಜೆಪ್ಪಿನ ನನ್ನ ಶೆಡ್ಡಿಗೆ ಬರುವುದು
ತೊಟ್ಟಿಲು, ಅಲ್ತಾರಿನ ಕಂಬ, ಒಮ್ಮೆ ಪಿಯಾನೋದ ಕಾಲು.
ಕೋವಿ ಇದೇ ಮೊದಲು.

ಕಿಟಕಿಯ ಬೆಳಕಿಗೆ ಓರೆ ಹಿಡಿದೆ.
ಅಕ್ರೋಟು. ನಮ್ಮ ಕಡೆಯದಲ್ಲ.
ಬಲಬದಿಗೆ ದುಂಡು ಮುದ್ರೆ, ಅರ್ಧ ಕಿರೀಟ,
ಉಳಿದರ್ಧವನ್ನು ಯಾರೋ ನನ್ನಂಥವನೇ
ಉಜ್ಜಿ ತಿಂದಿದ್ದಾನೆ.
ಕೆಳಗೆ ನಾಲ್ಕು, ಒಂದು, ಮತ್ತೊಂದು ಅಂಕಿ, ಏಳೋ ಒಂದೋ.
ಹಿಮ್ಮಡಿಯಲ್ಲಿ ಹಲಸಿನ ತೇಪೆ. ಒಳ್ಳೆ ಕೈ.

ಮತ್ತೆ ಗೀರುಗಳು. ಹದಿನೇಳು.
"ಹಂದಿಗಳು" ಎಂದಳು, ದನಿ ಸ್ವಲ್ಪ ಉಬ್ಬಿತು.
ಅಜ್ಜ ಇನಾಸ್, ಕಿನ್ನಿಗೋಳಿಗೆಲ್ಲ ಬೆಡಿ ಇನಾಸ್,
ಒಂದು ಹಂದಿಗೆ ಒಂದು ಗೀರು.

ಅವಳು ಹೋದ ಮೇಲೆ ಬೆರಳಾಡಿಸಿದೆ.
ಗುಂಡು ಹೊಡೆಯುವವನ ಕೆನ್ನೆ
ಮರಕ್ಕೆ ಎಣ್ಣೆ ಕುಡಿಸುತ್ತದೆ.
ಇಲ್ಲಿ ಕೆನ್ನೆಯ ಜಾಗ ಬಿಳಿಚಿಕೊಂಡಿದೆ,
ಕಪ್ಪಾದದ್ದು ನಡು, ನಡೆಯುವಾಗ ಹಿಡಿಯುವ ಜಾಗ.
ಅಲ್ಲೇ ಸುತ್ತಲೂ ಹುರಿ ಕಟ್ಟಿದ ಸವಕಲು.
ಸೂಜಿ ತಂದು ಗೀರು ಕೆದಕಿದೆ:
ಕೆಂಪು.
ರಕ್ತ ಇಷ್ಟು ವರ್ಷ ಕೆಂಪಗಿರುವುದಿಲ್ಲ.
ಅರಗು.

ಪ್ರತಿ ಚುನಾವಣೆಗೂ ಕೋವಿಗಳು ಠಾಣೆಗೆ ಹೋಗುತ್ತವೆ,
ಚೀಟಿ ಕಟ್ಟಿಸಿಕೊಂಡು, ಅರಗು ಒತ್ತಿಸಿಕೊಂಡು,
ಮತ ಎಣಿಸಿ ಮುಗಿಯುವವರೆಗೆ ಮೂಲೆಗೊರಗಿ.
ರಾಶಿಯಲ್ಲಿ ತನ್ನದು ಯಾವುದೆಂದು ತಿಳಿಯಲು
ಹೋದ ಸಲಕ್ಕಿಂತ ಒಂದು ಗೀರು ಹೆಚ್ಚು?
ಇರಬಹುದು. ನಾನು ಬಡಗಿ, ಪೊಲೀಸನಲ್ಲ.
ಹದಿನೇಳು ಸಲ ಹೊತ್ತು ಹೋಗಿ
ಹದಿನೇಳು ಸಲ ಹೊತ್ತು ತಂದ ಒಬ್ಬ ಮನುಷ್ಯ.
ಹಂದಿಗಳು ಅಷ್ಟರಲ್ಲಿ ಗೆಣಸು ಮುಗಿಸಿರಬೇಕು.

ನೂರಿಪ್ಪತ್ತರ ಮರಳುಕಾಗದ ಹಿಡಿದು ಕೂತರೆ
ಅರ್ಧ ಗಂಟೆ ಸಾಕು,
ಕಿರೀಟ, ಠಾಣೆ, ಹಂದಿ ಎಲ್ಲವೂ ಹುಡಿ.

ಒಂದು ತಗ್ಗಿಗೆ ಮಾತ್ರ ಒದ್ದೆ ಬಟ್ಟೆ ಹಾಸಿ
ಇಸ್ತ್ರಿಪೆಟ್ಟಿಗೆ ಇಟ್ಟೆ. ಬುಸ್ಸೆಂದಿತು.
ಮರ ನಿಧಾನಕ್ಕೆ ಮೇಲೆದ್ದಿತು,
ಇಷ್ಟು ದಿನ ಉಸಿರು ಹಿಡಿದವನ ಹಾಗೆ.
ಉಳಿದದ್ದಕ್ಕೆ ಅಗಸೆ ಎಣ್ಣೆ, ತೆಳ್ಳಗೆ, ಅಂಗೈಯಿಂದ.
ಕೆನ್ನೆಯ ಜಾಗಕ್ಕೂ ಅಷ್ಟೇ, ಒಂದು ಹನಿ ಹೆಚ್ಚಿಲ್ಲ.

ಶನಿವಾರ ಬರುತ್ತಾಳೆ. ಹೊಳಪು ಸಾಲದು ಎನ್ನುತ್ತಾಳೆ.
ಹದಿನೇಳನ್ನೂ ಎಣಿಸಿ ಒಪ್ಪಿಸುತ್ತೇನೆ.
ಯಾವುದರ ಲೆಕ್ಕವೆಂದು
ಬಿಲ್ಲಿನಲ್ಲಿ ಬರೆಯುವ ಕ್ರಮವಿಲ್ಲ.