ಎಣಿಕೆಗೆ ಸಿಗದ ಕಲ್ಲು

ಚಿಂತಾಮಣಿಯಲ್ಲಿ ಕಡಲು ಅಂದರೆ
ಬೋರಿನ ನೀರು ಸೋಸಿ, ಪೊಟ್ಟಣದ ಉಪ್ಪು ಕದಡಿ
ಮೂರಡಿ ಗಾಜಿನೊಳಗೆ ನಾನು ನಿಲ್ಲಿಸಿದ್ದು.
ಅಲೆ ಬೇಕಾದರೆ ಮೋಟರು ಇದೆ.
ಕರೆಂಟು ಹೋದರೆ ಕಡಲೂ ಹೋಯಿತು.

ಚೆನ್ನೈನಿಂದ ರಾತ್ರಿ ಬಸ್ಸಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಬಂತು.
ನೀಲಿ ಮರಿಗಳು ಹದಿನಾಲ್ಕು,
ಹವಳದ ಬಂಡೆ ಎರಡು ಕೇಜಿ.
ತೂಗಿ ಕೊಟ್ಟ ಕಲ್ಲಿಗೆ ಉಸಿರಿದೆಯೇ ಅಂತ
ಯಾರು ಕೇಳುತ್ತಾರೆ?

ಸೋಮವಾರ ಹದಿಮೂರು.
ಗುರುವಾರ ಹನ್ನೊಂದು.
ಮುಂದಿನ ವಾರ ಏಳು.
ಹೆಣ ತೇಲಲಿಲ್ಲ, ಮುಳ್ಳು ಸಿಗಲಿಲ್ಲ.
ಅಂಗಡಿಯಲ್ಲಿ ಇದ್ದ ಕೈ ಎರಡೇ ಜೋಡಿ,
ನನ್ನ ಜೋಡಿ ನನ್ನದೇ ಮಾಲು ಕದಿಯುತ್ತದೆಯೆ?
"ಏಮಿರಾ ಮುನಿನಾರಾಯಣ, ಯಾರಿಗೆ ಮಾರಿದೆ?"
ಬಕೆಟ್ಟು ಕೆಳಗಿಟ್ಟ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಸಂಬಳದಲ್ಲಿ ಆರುನೂರು ಹಿಡಿದೆ.

ಅವತ್ತಿನಿಂದ ಅವನು ಮನೆಗೆ ಹೋಗುವುದು ಬಿಟ್ಟ.
ಷಟರ್ ಎಳೆದ ಮೇಲೆ ಗಾಜಿನೆದುರು
ಸ್ಟೂಲು ಹಾಕಿ ಕೂತ.
ನಾಲ್ಕನೇ ರಾತ್ರಿ ಫೋನು:
"ಅಣ್ಣಾ, ಕಲ್ಲು ಆಕಳಿಸ್ತು."

ಹೌದು. ಮೂಲೆಯ ಸ್ಪಂಜಿನ ಪಕ್ಕ
ಅದೇ ಹಳದಿ, ಅದೇ ತೂತು, ಅದೇ ಪಾಚಿಯ ಕಲೆ.
ಬಂದಾಗ ಕಂದು ಇದ್ದಿರಬೇಕು,
ಮೂರು ವಾರದಲ್ಲಿ ನೆರೆಮನೆಯ ಬಣ್ಣ ಬಳಿದುಕೊಂಡಿದೆ.
ಹುರುಪೆ ಇಲ್ಲ. ಈಜುವ ಆಸೆಯೂ ಇಲ್ಲ.
ರೆಕ್ಕೆಯನ್ನೇ ಅಂಗೈ ಮಾಡಿ ಊರಿಕೊಂಡು
ಮೊಣಕೈ ಹಿಂದಿನ ಸಣ್ಣ ತೂತಿನಿಂದ
ಯಾರಿಗೂ ಗೊತ್ತಾಗದ ಹಾಗೆ ಉಸಿರು ಬಿಡುತ್ತದೆ.
ಹಣೆಯಲ್ಲಿ ಒಂದು ಕಡ್ಡಿ, ಕಡ್ಡಿಯ ತುದಿಗೆ
ಹುಳದಂಥ ಒಂದು ಚರ್ಮದ ಚೂರು.
ಆಡಿಸುತ್ತದೆ. ನಿಲ್ಲಿಸುತ್ತದೆ.
ಮತ್ತೆ ಆಡಿಸುತ್ತದೆ.

ನೀಲಿ ಮರಿ ಬಂತು, ಮೂಸುವ ಹಾಗೆ.
ನಾನು ರೆಪ್ಪೆ ಬಡಿಯಲಿಲ್ಲ, ಆಣೆ.
ಬಾಯಿ ತೆರೆದದ್ದು ಕಾಣಲಿಲ್ಲ, ಮುಚ್ಚಿದ್ದೂ ಕಾಣಲಿಲ್ಲ.
ಮರಿ ಇದ್ದ ಕಡೆ
ಮರಿಯಷ್ಟು ನೀರು.

ಆರುನೂರು ವಾಪಸು ಕೊಟ್ಟೆ. ಎಣಿಸದೆ ಜೇಬಿಗಿಟ್ಟ.
'ಕಪ್ಪೆಮೀನು, ಮಾರಾಟಕ್ಕಿಲ್ಲ' ಅಂತ ಚೀಟಿ ಅಂಟಿಸಿದವನು ಅವನು,
ನನ್ನನ್ನು ಕೇಳದೆ.
ಚಿಮಟದಲ್ಲಿ ಸೀಗಡಿ ಹಿಡಿದು ತಿನ್ನಿಸುವವನೂ ಅವನೇ.
ಅಂಬಾಜಿದುರ್ಗದ ಗುಂಡುಗಳ ಕೆಳಗೆ ಹುಟ್ಟಿದವನು,
"ಕಲ್ಲು ನೋಡೋದು ನಂಗೆ ಗೊತ್ತಣ್ಣ" ಅಂದ.

ಎರಡು ವರ್ಷ ನಾನೂ ಅವನನ್ನು ನೋಡಿದ್ದೆ,
ಗೋಡೆಗೆ ಒರಗಿ
ಗೋಡೆಯದೇ ಬಣ್ಣದ ಅಂಗಿಯಲ್ಲಿ.

ಈಗ ಷಟರ್ ಎಳೆಯುವ ಮುಂಚೆ ಎಣಿಸುವುದು ಅವನ ಕೆಲಸ.
ಕಲ್ಲುಗಳಿಂದ ಶುರು ಮಾಡುತ್ತಾನೆ.