ಧ ಒತ್ತಿನ ಮೊಳೆಗಳು

ನಮ್ಮ ಪ್ರೆಸ್ಸಿನಲ್ಲಿ ಧ ಒತ್ತಿನ ಮೊಳೆ ಇದ್ದದ್ದು ನಲವತ್ತು.
ಎರಡರ ಹೊಟ್ಟೆ ಸೀಳು ಸವೆದು
ಬರೀ ದ ಒತ್ತಾಗಿದ್ದವು, ಮಹಾಪ್ರಾಣ ಹೋಗಿ.
ಹಾಗಾಗಿ ಮೂವತ್ತೆಂಟು ಅನ್ನಿ.

ಸಾಕಾಗುತ್ತಿತ್ತು. ಬಂದರಿನ ಮಂಡಿಯ ಬಿಲ್ಲು,
ಮೀನಿನ ಏಲಂ ನೋಟೀಸು, ಬಿಜೈ ಇಗರ್ಜಿಯ ಹಬ್ಬದ ಕಾಗದ,
ಯಾವುದಕ್ಕೂ ಆ ಒತ್ತು ಬೇಡ.
ಬೇಕಾಗುತ್ತಿದ್ದದ್ದು ದೂಮಪ್ಪ ಮಾಸ್ಟ್ರ ವಾರಪತ್ರಿಕೆಗೆ:
ಸಿದ್ಧಾಂತ, ಬದ್ಧತೆ, ವಿರುದ್ಧ.
ಹದಿನಾಲ್ಕು ವರ್ಷ ಇವು ನನ್ನ ಎಡಗೈಯ ಸ್ಟಿಕ್ಕಿನಲ್ಲಿ
ತಲೆಕೆಳಗಾಗಿ ನಿಂತು ಹೋದವು.
ಓದಿದವನಲ್ಲ ನಾನು. ಜೋಡಿಸಿದವನು.

ಆ ಫೆಬ್ರವರಿ ಎರಡು ಕೆಂಪು ಬಾವುಟದ ದೇಶಗಳಲ್ಲಿ
ದೊಡ್ಡದು ಚಿಕ್ಕದರ ಗಡಿ ದಾಟಿತು.
ಯೂನಿಯನ್ ಆಫೀಸಿನ ಗೋಡೆಯಲ್ಲಿ
ಎರಡೂ ದೇಶದ ಕ್ಯಾಲೆಂಡರು
ಒಂದೇ ಮೊಳೆಗೆ ತೂಗುತ್ತಿದ್ದ ಕಾಲ.

ಸಭೆಯಲ್ಲಿ ಏನಾಯಿತೋ ಕಂಡವನಲ್ಲ.
ರಾತ್ರಿ ಒಂಬತ್ತಕ್ಕೆ ಮಾಸ್ಟ್ರು ಮೆಟ್ಟಿಲು ಹತ್ತಿ ಬಂದರು,
ಅಂಗಿ ಬೆನ್ನಿಗೆ ಅಂಟಿತ್ತು.
“ಎಬ್ನೇಜರ, ಮೊದಲ ಪುಟ ಬಿಚ್ಚು.”

ಆರು ಹಾಳೆ, ಪೆನ್ಸಿಲಿನಲ್ಲಿ.
ಯುದ್ಧ, ಯುದ್ಧ, ಮತ್ತೆ ಯುದ್ಧ,
ಬೇರೆ ಪದವೇ ಗೊತ್ತಿಲ್ಲದವರ ಹಾಗೆ.
ನಮ್ಮವರು ಮಾಡಿದರೂ ಯುದ್ಧ.
ನಮ್ಮವರು ಮಾಡಿದ್ದರಿಂದಲೇ ನಾನು ಹೇಳಬೇಕಾದ ಯುದ್ಧ.
ಲೆಕ್ಕ ಹಾಕಿದೆ: ಮೂವತ್ತೆಂಟು ಸಲ.

ಹತ್ತೂವರೆಗೆ ಅವರೂ ಬಂದರು.
ಹಂಚಿನ ಕಾರ್ಖಾನೆಯ ಐತಪ್ಪ, ವಕೀಲ ಪದ್ಮನಾಭಯ್ಯ,
ಬೀಡಿ ಯೂನಿಯನ್ನಿನ ಕಮಲಕ್ಕ.
ತುರ್ತು ಪರಿಸ್ಥಿತಿಯಲ್ಲಿ ಕೋಡಿಯಾಲಬೈಲಿನ ಜೈಲಿನೊಳಗೆ
ಮಾಸ್ಟ್ರ ಚಾಪೆಯ ಅರ್ಧದಲ್ಲಿ ಮಲಗಿದವನು ಐತಪ್ಪ.
ಬಾಗಿಲಲ್ಲೇ ನಿಂತು ಹೇಳಿದ:
“ಘರ್ಷಣೆ ಅಂತ ಹಾಕಿ ಮಾರಾಯ್ರೆ. ಗಡಿ ಘರ್ಷಣೆ.
ಅಷ್ಟೇ ಕೇಳುವುದು ನಾವು.”

ಅರ್ಕಾವತ್ತು ನನ್ನ ಕೇಸಿನಲ್ಲಿ ಬೇಕಾದಷ್ಟಿತ್ತು.

ವಕೀಲರು: “ಶತ್ರುವಿನ ಕೈಗೆ ಮದ್ದು ಕೊಡುತ್ತಿದ್ದೀರಿ.”
ಮಾಸ್ಟ್ರು: “ಅವರ ಯುದ್ಧಕ್ಕೆ ನಾನು ಯುದ್ಧ ಅಂದಾಗ
ನೀವೇ ಚಪ್ಪಾಳೆ ತಟ್ಟಿದ್ದಲ್ಲವಾ?”
ಕಮಲಕ್ಕ ಅಷ್ಟು ಹೊತ್ತಿಗೆ ಕೇಳಿದ್ದು ಒಂದೇ:
“ಊಟ ಆಯ್ತಾ ನಿಮ್ಮದು?”
ಅವರು ಉತ್ತರ ಕೊಡದೆ ಉಳಿದದ್ದು
ಆ ಪ್ರಶ್ನೆಗೆ ಮಾತ್ರ.

ಚಪ್ಪಲಿಗಳ ಸದ್ದು ಇಳಿಯಿತು.
ಮೆಟ್ಟಿಲ ನಡುವೆ ಒಂದು ಜೋಡಿ ನಿಂತಿತು,
ಬೆಂಕಿಕಡ್ಡಿ ಗೀರಿದ ಸದ್ದು,
ಆಮೇಲೆ ಅದೂ ಇಳಿಯಿತು.

ಕೇಸಿನಲ್ಲಿದ್ದದ್ದು ಇಪ್ಪತ್ತನಾಲ್ಕು.
ಉಳಿದ ಹದಿನಾಲ್ಕು
ಮೂಲೆಯಲ್ಲಿ ದಾರ ಕಟ್ಟಿ ಇಟ್ಟ ಯೂನಿಯನ್ ವರದಿಯಲ್ಲಿ.
ಮಾಸ್ಟ್ರನ್ನು ಕೇಳಲಿಲ್ಲ. ಚಿಮಟ ತಗೊಂಡೆ.
ಸಿದ್ಧಾಂತದಿಂದ ಒಂದು. ಬದ್ಧರಾಗಿ ಎಂಬಲ್ಲಿಂದ ಒಂದು.
ಹಲ್ಲು ಕಿತ್ತ ಬಾಯಿಯ ಹಾಗೆ ಆಯಿತು ವರದಿ.
ಹದಿಮೂರು ಕಿತ್ತೆ.

ಹದಿನಾಲ್ಕನೆಯದು ಕೊನೆಯ ಪುಟದಲ್ಲಿತ್ತು,
ಗೂಡಿನ ಗೋಡೆ ಕುಸಿದು ಸತ್ತ ಬಾಬು ಮೂಲ್ಯನಿಗೆ
ಶ್ರದ್ಧಾಂಜಲಿ.
ಅದಕ್ಕೆ ಕೈ ಹೋಗಲಿಲ್ಲ.
ಸವೆದದ್ದೊಂದನ್ನು ಹುಡುಕಿ ಕೊನೆಯ ಸಾಲಿಗೆ ಸೇರಿಸಿದೆ.

ಟ್ರೆಡಲ್ ನಿಂತಾಗ ಎರಡು ಗಂಟೆ.
ಮುನ್ನೂರು ಪ್ರತಿ. ಮಾಸ್ಟ್ರು ಮೊದಲನೆಯದನ್ನು
ದೀಪಕ್ಕೆ ಹಿಡಿದು ಕೊನೆಯ ಸಾಲಿಗೆ ಬಂದು ನಿಂತರು:
“ಇದೇನು, ಯುದ್ದ?”
ಬಾಬು ಮೂಲ್ಯನ ವಿಷಯ ಹೇಳಿದೆ.

ಅವರು ಮಾತಾಡಲಿಲ್ಲ. ಪೆನ್ನು ತೆಗೆದು
ಕಾಗದದ ರೀಮಿನ ಮೇಲೆ ಕೂತರು.
ಒಂದೊಂದೇ ಪ್ರತಿ ಎಳೆದುಕೊಂಡು
ಆ ಸಣ್ಣ ಹೊಟ್ಟೆಯನ್ನು ಸೀಳುತ್ತಾ ಹೋದರು,
ಮಸೀದಿಯ ಬಾಂಗು ಕೇಳುವವರೆಗೆ,
ದಕ್ಕೆಯ ಕಡೆ ಮೀನಿನ ಲಾರಿ ಹಾರ್ನ್ ಹಾಕುವವರೆಗೆ.

ಆ ವರದಿ ಮರುದಿನ ಬೇರೆ ಪ್ರೆಸ್ಸಿಗೆ ಹೋಯಿತು.
ಹದಿನೈದು ದಿನದಲ್ಲಿ ಕಾರ್ ಸ್ಟ್ರೀಟಿನ ಪೈಗಳ ಮನೆಯ ಮದುವೆ,
ಫಾಲ್ಗುಣ ಶುದ್ಧ ದಶಮಿ.
ಮೊಳೆ ಸಿಕ್ಕಿತು, ಸೀಮೆಎಣ್ಣೆಯಲ್ಲಿ ಉಜ್ಜಿದೆ.

ಮಾಸ್ಟ್ರು ತಿದ್ದಿದ್ದು ಇನ್ನೂರತೊಂಬತ್ತೊಂಬತ್ತು.
ಒಂದನ್ನು ನಾನು ಮೊದಲೇ ತೆಗೆದಿಟ್ಟಿದ್ದೆ,
ಈಗಲೂ ಪೆಟ್ಟಿಗೆಯಲ್ಲಿದೆ, ಬೈಬಲಿನ ಅಡಿಗೆ.
ಯಾಕೆ ಅಂತ ಕೇಳಬೇಡಿ.
ಅದರ ಕೊನೆಯ ಸಾಲಿನಲ್ಲಿ ತಪ್ಪು ಹಾಗೇ ಇದೆ.